ಕಂಡಂತೆ ಅಲ್ಲ, ಹೇಳಿದಂತೆ

ಎರಡು ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸಾಕು, ಯಾರಾದರೊಬ್ಬರು ‘ರಾಶೋಮನ್’ ಎನ್ನುತ್ತಾರೆ. ಪಕ್ಷ ಒಡೆದಾಗ, ಮದುವೆ ಮುರಿದಾಗ, ಕಚೇರಿಯಲ್ಲಿ ಹೆಣ್ಣುಮಗಳೊಬ್ಬಳು ಮೇಲಧಿಕಾರಿಯ ಮೇಲೆ ದೂರು ಕೊಟ್ಟಾಗ, ಟಿವಿಯಲ್ಲಿ ನಾಲ್ವರು ಕೂತು ನಾಲ್ಕು ದಿಕ್ಕಿಗೆ ಎಳೆದಾಡುವಾಗ ಈ ಜಪಾನೀ ಪದ ಹೊರಬರುತ್ತದೆ. ಅದರ ಬೆನ್ನಿಗೇ ಒಂದು ನಿಟ್ಟುಸಿರು: ‘ಏನು ಮಾಡೋದು, ಅವರವರ ಸತ್ಯ ಅವರವರಿಗೆ.’ ಹೇಳಿದವರಿಗೆ ತಾವು ಬಹಳ ತೂಕದ ಮಾತಾಡಿದೆವು ಅನ್ನಿಸುತ್ತದೆ. ಕೇಳಿದವರು ತಲೆದೂಗುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಕೆಲಸಕ್ಕೆ ವಿಶ್ವ ಸಿನಿಮಾದ ಮೊಹರು ಬೀಳುತ್ತದೆ.

ಈ ಮಾತಿಗೆ ಮೂಲ ಕಥೆಯಲ್ಲಿ ಆಧಾರವಿಲ್ಲ. ಆ ಕಥೆಯಿಂದ ಹುಟ್ಟಿದ ಜಗತ್ಪ್ರಸಿದ್ಧ ಸಿನಿಮಾದಲ್ಲೂ ಇಲ್ಲ. ಅಲ್ಲಿರುವುದು ಬಹುಸತ್ಯಗಳ ತತ್ವವಲ್ಲ, ಸುಳ್ಳಿನ ಶವಪರೀಕ್ಷೆ. ಆ ಪರೀಕ್ಷೆಯ ವರದಿಯನ್ನು ಓದದೆ, ಅದರ ಹೆಸರನ್ನು ಮಾತ್ರ ಎತ್ತಿಕೊಂಡು ಸುಳ್ಳಿಗೆ ಸತ್ಯದ ಪಟ್ಟ ಕಟ್ಟುವ ಚಾಳಿ ಬೆಳೆದಿದೆ. ಇದರಿಂದ ನಷ್ಟವಾಗುವುದು ಸಿನಿಮಾ ಪ್ರಿಯರಿಗಲ್ಲ, ದೂರು ಹೊತ್ತು ಬಂದವರಿಗೆ.

ಮೊದಲು ಕಥೆಯನ್ನೇ ನೋಡಬೇಕು. ‘ರಾಶೋಮನ್’ ಸಿನಿಮಾದ ಕಥೆ ‘ರಾಶೋಮನ್’ ಎಂಬ ಕಥೆಯಿಂದ ಬಂದದ್ದಲ್ಲ. ಅಕುತಗವಾ ರ್ಯೂನೊಸುಕೆ 1915ರಲ್ಲಿ ಬರೆದ ಆ ಕಥೆಯಿಂದ ಕುರೊಸಾವಾ ತೆಗೆದುಕೊಂಡದ್ದು ಕ್ಯೋಟೊ ನಗರದ ಪಾಳುಬಿದ್ದ ಹೆಬ್ಬಾಗಿಲು, ಮಳೆ, ಬಟ್ಟೆ ಕದಿಯುವ ಒಂದು ಪ್ರಸಂಗ ಇಷ್ಟೇ. ಕೊಲೆ, ವಿಚಾರಣೆ, ಸಾಕ್ಷಿಗಳು ಎಲ್ಲವೂ ಬಂದದ್ದು ಅದೇ ಲೇಖಕ 1922ರಲ್ಲಿ ಪ್ರಕಟಿಸಿದ ‘ಯಾಬು ನೊ ನಾಕಾ’ ಎಂಬ ಸಣ್ಣಕಥೆಯಿಂದ. ‘ಮೆಳೆಯೊಳಗೆ’ ಎಂದು ಅದರ ಅರ್ಥ. ಜಪಾನೀ ಭಾಷೆಯಲ್ಲಿ ಆ ಶೀರ್ಷಿಕೆ ಈಗ ನುಡಿಗಟ್ಟೇ ಆಗಿದೆ. ಬಗೆಹರಿಯದೆ ಉಳಿದ ಪ್ರಕರಣದ ಬಗ್ಗೆ ‘ಸತ್ಯ ಮೆಳೆಯೊಳಗಿದೆ’ ಎನ್ನುತ್ತಾರೆ. ಆ ನುಡಿಗಟ್ಟಿನ ಪ್ರಾಮಾಣಿಕತೆ ಗಮನಿಸಬೇಕು. ಸತ್ಯ ಇದೆ, ಆದರೆ ಮರೆಯಾಗಿದೆ ಎಂದು ಅದು ಹೇಳುತ್ತದೆ. ಹೊರಗಿನ ಜಗತ್ತು ಅದೇ ಕಥೆಯಿಂದ ಕಟ್ಟಿಕೊಂಡ ‘ರಾಶೋಮನ್ ಪರಿಣಾಮ’ ಎಂಬ ಮಾತು ಬಳಕೆಯಲ್ಲಿ ಸವೆದು ಸವೆದು, ತಲೆಗೊಂದು ಸತ್ಯ ಇದೆ ಎನ್ನುವಲ್ಲಿಗೆ ಬಂದು ನಿಂತಿದೆ. ಕಳೆದುಹೋದ ಎತ್ತನ್ನು ಹುಡುಕುವುದಕ್ಕೂ ಎತ್ತೇ ಇರಲಿಲ್ಲ ಎನ್ನುವುದಕ್ಕೂ ಇರುವ ಅಂತರ ಇದು.

ಕಥೆಯಲ್ಲಿ ನಿರೂಪಕನಿಲ್ಲ. ಒಂದರ ನಂತರ ಒಂದರಂತೆ ಏಳು ಹೇಳಿಕೆಗಳಿವೆ. ಹೆಣ ನೋಡಿದ ಸೌದೆ ಕಡಿಯುವವನು, ದಾರಿಯಲ್ಲಿ ಗಂಡಹೆಂಡಿರನ್ನು ಕಂಡ ಬೌದ್ಧ ಭಿಕ್ಷು, ದರೋಡೆಕೋರನನ್ನು ಹಿಡಿದ ಪೊಲೀಸು, ಸತ್ತವನ ಅತ್ತೆಯಾದ ಮುದುಕಿ, ದರೋಡೆಕೋರ ತಜೋಮಾರು, ಕಿಯೊಮಿಜು ದೇವಾಲಯಕ್ಕೆ ಬಂದು ತಪ್ಪೊಪ್ಪಿಕೊಳ್ಳುವ ಹೆಂಡತಿ ಮಸಾಗೊ, ಕೊನೆಗೆ ಮೈಮೇಲೆ ಬರಿಸಿಕೊಳ್ಳುವವಳ ಬಾಯಿಂದ ಮಾತಾಡುವ ಸತ್ತ ಗಂಡ. ಗಂಡ ಸಮುರಾಯ್, ವಯಸ್ಸು 26. ಹೆಂಡತಿಗೆ 19. ಹಳೆಯ ಗೋರಿಯೊಂದರಲ್ಲಿ ಸಿಕ್ಕ ಕನ್ನಡಿ, ಕತ್ತಿಗಳನ್ನು ಮೆಳೆಯಲ್ಲಿ ಹೂತಿಟ್ಟಿದ್ದೇನೆ, ಅಗ್ಗಕ್ಕೆ ಕೊಡುತ್ತೇನೆ ಎಂದು ಆಸೆ ತೋರಿಸಿ ತಜೋಮಾರು ಗಂಡನನ್ನು ಒಳಗೆ ಕರೆದೊಯ್ಯುತ್ತಾನೆ. ಅವನನ್ನು ಮರಕ್ಕೆ ಕಟ್ಟುತ್ತಾನೆ. ಅವನ ಕಣ್ಣೆದುರೇ ಹೆಂಡತಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಗಂಡ ಸಾಯುತ್ತಾನೆ.

ಹೇಗೆ ಸತ್ತ ಎಂಬಲ್ಲಿ ಮಾತ್ರ ಮೂವರೂ ಬೇರೆಯಾಗುತ್ತಾರೆ. ಕಟ್ಟು ಬಿಚ್ಚಿ, ಸಮನಾಗಿ ನಿಲ್ಲಿಸಿ, ಕತ್ತಿಗೆ ಕತ್ತಿ ಇಪ್ಪತ್ತಮೂರು ಸಲ ತಾಗಿದ ಮೇಲೆ ಕೊಂದೆ ಎನ್ನುತ್ತಾನೆ ತಜೋಮಾರು. ಗಂಡನ ಕಣ್ಣಲ್ಲಿ ತಿರಸ್ಕಾರ ಕಂಡೆ, ಇಬ್ಬರೂ ಸಾಯೋಣವೆಂದು ಕಠಾರಿಯಿಂದ ಅವನನ್ನು ತಿವಿದೆ, ಆಮೇಲೆ ನನಗೆ ಸಾಯಲಾಗಲಿಲ್ಲ ಎನ್ನುತ್ತಾಳೆ ಮಸಾಗೊ. ಹೆಂಡತಿ ನನ್ನನ್ನು ಕೊಲ್ಲೆಂದು ಕಳ್ಳನಿಗೆ ಹೇಳಿದಳು, ಕಳ್ಳನಿಗೇ ಅದು ಅಸಹ್ಯವಾಯಿತು, ಕೊನೆಗೆ ನಾನೇ ತಿವಿದುಕೊಂಡೆ ಎನ್ನುತ್ತದೆ ಗಂಡನ ಪ್ರೇತ.

ಇದನ್ನು ಕುರುಡರು ಆನೆ ಮುಟ್ಟಿದ ಕಥೆಗೆ ಹೋಲಿಸುವುದು ಸಾಮಾನ್ಯ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜೈನರ ಅನೇಕಾಂತವಾದವನ್ನೂ ಎಳೆದು ತರುವವರಿದ್ದಾರೆ. ಎರಡೂ ಹೋಲಿಕೆ ಸಲ್ಲವು. ಕಾಲು ಮುಟ್ಟಿದ ಕುರುಡ ಕಂಬ ಎಂದಾಗ ಅವನು ಸುಳ್ಳು ಹೇಳುತ್ತಿಲ್ಲ. ಅವನ ಕೈಗೆ ಸಿಕ್ಕಿದ್ದು ಅಷ್ಟೇ. ಎಲ್ಲ ಕುರುಡರ ಮಾತನ್ನೂ ಜೋಡಿಸಿದರೆ ಆನೆಯ ಅಂದಾಜಾದರೂ ಸಿಗುತ್ತದೆ. ಮೆಳೆಯೊಳಗಿದ್ದ ಮೂವರಿಗೂ ಕಣ್ಣಿತ್ತು, ಮೂವರೂ ಅದೇ ಹತ್ತು ಅಡಿ ಜಾಗದಲ್ಲಿದ್ದರು. ಎದೆಗೆ ಕಠಾರಿ ಹಾಕಿದ್ದು ತನ್ನ ಕೈಯೋ ಬೇರೆಯವರದ್ದೋ ಎಂಬುದು ದೃಷ್ಟಿಕೋನದ ಪ್ರಶ್ನೆಯಲ್ಲ. ಮೂರು ಹೇಳಿಕೆಗಳನ್ನು ಜೋಡಿಸಿದರೆ ಆನೆ ಸಿಗುವುದಿಲ್ಲ. ಮೂರರಲ್ಲಿ ಕನಿಷ್ಠ ಎರಡು ಶುದ್ಧ ಸುಳ್ಳು. ವಸ್ತುವಿಗೆ ಅನೇಕ ಮುಖಗಳಿವೆ ಎಂದ ಜೈನ ತಾರ್ಕಿಕರು, ಸುಳ್ಳು ಹೇಳುವುದನ್ನು ಆ ಮುಖಗಳಲ್ಲಿ ಒಂದೆಂದು ಎಣಿಸಲಿಲ್ಲ. ಸತ್ಯವನ್ನು ವ್ರತವಾಗಿ ಇಟ್ಟುಕೊಂಡವರು ಅವರು.

ಇನ್ನೊಂದು ವಿಚಿತ್ರ ಇದೆ. ಸಾಮಾನ್ಯವಾಗಿ ಕೊಲೆಯ ಆರೋಪ ಬಂದರೆ ಜನ ‘ನಾನಲ್ಲ’ ಎನ್ನುತ್ತಾರೆ. ಇಲ್ಲಿ ಮೂವರೂ ‘ನಾನೇ’ ಎನ್ನುತ್ತಾರೆ. ಅಂದರೆ ಈ ಸುಳ್ಳುಗಳು ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಹುಟ್ಟಿದವಲ್ಲ, ಮಾನ ಉಳಿಸಿಕೊಳ್ಳಲು ಹುಟ್ಟಿದವು. ಹೇಗೂ ತಲೆ ಹೋಗುತ್ತದೆಂದು ತಜೋಮಾರುವಿಗೆ ಗೊತ್ತು. ಕಟ್ಟಿಹಾಕಿದವನನ್ನು ಕೊಂದ ಹೇಡಿ ಎನಿಸಿಕೊಳ್ಳುವ ಬದಲು ಇಪ್ಪತ್ತಮೂರು ವರಸೆಯ ವೀರನಾಗಿ ಸಾಯುವುದು ಅವನಿಗೆ ಬೇಕು. ಆಸೆಗೆ ಬಿದ್ದು ಮೋಸಹೋದ ಸಮುರಾಯ್‌ಗೆ ತನ್ನ ಕೈಯಿಂದಲೇ ಸತ್ತ ಗೌರವ ಬೇಕು. ಮಸಾಗೊಳಿಗೆ, ಕೆಟ್ಟಮೇಲೂ ಬದುಕಿದವಳು ಎಂಬ ಅಪವಾದಕ್ಕಿಂತ ಗಂಡನ ಜೊತೆ ಸಾಯಹೊರಟವಳು ಎಂಬ ಮಾತು ಮೇಲು. ಪ್ರತಿ ಸುಳ್ಳಿಗೂ ಒಂದು ಕಾರಣವಿದೆ, ಆ ಕಾರಣ ಹುಡುಕಿದರೆ ಸಿಗುವಂಥದ್ದು. ಇದನ್ನು ‘ಅವರವರ ಸತ್ಯ’ ಎಂದು ಕರೆದ ಕೂಡಲೇ ಆ ಹುಡುಕಾಟದ ಬಾಗಿಲು ಮುಚ್ಚಿಹೋಗುತ್ತದೆ.

ಇಷ್ಟಕ್ಕಿಂತ ಮುಖ್ಯವಾದದ್ದು ಮೂವರೂ ಒಪ್ಪುವ ಸಂಗತಿ. ಮರಕ್ಕೆ ಕಟ್ಟಿದ್ದನ್ನು, ಅತ್ಯಾಚಾರವನ್ನು ತಜೋಮಾರು ಹೇಳುತ್ತಾನೆ. ಮಸಾಗೊ ಹೇಳುತ್ತಾಳೆ. ಸತ್ತವನೂ ಹೇಳುತ್ತಾನೆ. ಇಡೀ ಕಥೆಯಲ್ಲಿ ಯಾವ ವಿವಾದವೂ ಇಲ್ಲದ ಅಪರಾಧ ಅದೊಂದೇ. ಆದರೂ ನೂರು ವರ್ಷಗಳಿಂದ ಓದುಗರು, ವಿಮರ್ಶಕರು, ಸಿನಿಮಾದವರು ಕೇಳುತ್ತ ಬಂದದ್ದು ‘ಕೊಂದವರು ಯಾರು’ ಎಂದು. ಒಪ್ಪಿತವಾದ ಅಪರಾಧವನ್ನು ಪಕ್ಕಕ್ಕೆ ಸರಿಸಿ, ವಿವಾದದ ಅಪರಾಧದ ಮೇಲೆ ಕೂತು, ಕೊನೆಗೆ ಏನೂ ತಿಳಿಯದು ಎಂದು ಷರಾ ಬರೆದರು.

ಅಕುತಗವಾ ತನ್ನ ಕಥೆಗೆ ಎಳೆ ತೆಗೆದುಕೊಂಡದ್ದು 12ನೇ ಶತಮಾನದ ‘ಕೊಂಜಾಕು’ ಕಥಾಸಂಗ್ರಹದಿಂದ. ಅಲ್ಲಿ ಕೊಲೆಯೇ ಇಲ್ಲ. ಕಳ್ಳ ಗಂಡನನ್ನು ಕಟ್ಟುತ್ತಾನೆ, ಹೆಂಡತಿಯನ್ನು ಕೆಡಿಸುತ್ತಾನೆ, ಕುದುರೆ ಏರಿ ಹೋಗುತ್ತಾನೆ. ಹೆಂಡತಿ ಗಂಡನ ಕಟ್ಟು ಬಿಚ್ಚಿ, ನಿನ್ನಂಥವನನ್ನು ನಂಬಿದರೆ ಹೀಗೇ ಎಂದು ಬಯ್ಯುತ್ತಾಳೆ. ಇಬ್ಬರೂ ಪ್ರಯಾಣ ಮುಂದುವರಿಸುತ್ತಾರೆ. ಅಪರಿಚಿತನ ಕೈಗೆ ಬಿಲ್ಲು ಕೊಟ್ಟ ಗಂಡ ಮೂರ್ಖ, ಹೆಂಗಸಿನ ಬಟ್ಟೆ ಕಸಿಯದ ಕಳ್ಳ ಮರ್ಯಾದಸ್ಥ ಎಂದು ಕಥೆ ಹೇಳಿದವನು ನೀತಿ ತೆಗೆಯುತ್ತಾನೆ! ಕೆಡಿಸಿದವನಿಗೂ ಶಹಬ್ಬಾಸ್ ಸಿಗುವ ಲೋಕ ಅದು. ಅಕುತಗವಾ ಇದಕ್ಕೆ ಒಂದು ಹೆಣ ಸೇರಿಸಿದ, ವಿಚಾರಣೆ ಸೇರಿಸಿದ, ನೀತಿ ಹೇಳುವವನನ್ನು ತೆಗೆದುಹಾಕಿದ. ಸತ್ತವನೂ ಸಾಕ್ಷಿ ಹೇಳುವ ಉಪಾಯ ಅಮೆರಿಕದ ಆಂಬ್ರೋಸ್ ಬಿಯರ್ಸ್ 1907ರಲ್ಲಿ ಬರೆದ ‘ದಿ ಮೂನ್‌ಲಿಟ್ ರೋಡ್’ ಕಥೆಯಲ್ಲೂ ಇದೆ.

ಕುರೊಸಾವಾನ ‘ರಾಶೋಮನ್’ ಬಂದದ್ದು 1950ರಲ್ಲಿ. ಮರುವರ್ಷ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದು ಜಪಾನಿನ ಸಿನಿಮಾವನ್ನು ಲೋಕದ ಮುಂದೆ ನಿಲ್ಲಿಸಿತು. ಶಿನೊಬು ಹಾಶಿಮೊಟೊ ಬರೆದ ಮೊದಲ ಚಿತ್ರಕಥೆ ಮೆಳೆಯ ಕಥೆಯನ್ನಷ್ಟೇ ಆಧರಿಸಿತ್ತು. ಅದು ಚಿಕ್ಕದಾಯಿತೆಂದು ಹೆಬ್ಬಾಗಿಲಿನ ಭಾಗವನ್ನು ಸೇರಿಸಿ ಬೆಳೆಸಿದರು. ಚಿತ್ರೀಕರಣಕ್ಕೆ ಮೊದಲು ಮೂವರು ಸಹಾಯಕ ನಿರ್ದೇಶಕರು ಬಂದು, ಈ ಚಿತ್ರಕಥೆ ಅರ್ಥವಾಗುತ್ತಿಲ್ಲ ಎಂದರಂತೆ. ಕುರೊಸಾವಾ ಕೊಟ್ಟ ಉತ್ತರ ಆತನ ಆತ್ಮಕಥೆಯಲ್ಲಿದೆ: ಮನುಷ್ಯರು ತಮ್ಮ ಬಗ್ಗೆ ತಮಗೇ ಪ್ರಾಮಾಣಿಕರಾಗಿರಲಾರರು, ಬಣ್ಣ ಹಚ್ಚದೆ ತಮ್ಮ ವಿಷಯ ಹೇಳಿಕೊಳ್ಳಲಾರರು, ಚಿತ್ರ ಅಂಥವರ ಬಗ್ಗೆ ಎಂಬುದು ಅದರ ಸಾರ. ಬಣ್ಣ ಹಚ್ಚುವುದು ಎಂದರೆ ಕೆಳಗೊಂದು ಗೋಡೆ ಇದೆ ಎಂದೇ ಅರ್ಥ. ನಿರ್ದೇಶಕನೇ ಹೀಗೆ ಬಾಯಿಬಿಟ್ಟು ಹೇಳಿದ ಮೇಲೂ ಆತನ ಹೆಸರಿನಲ್ಲಿ ‘ಗೋಡೆಯೇ ಇಲ್ಲ’ ಎನ್ನುವುದು ಸೋಜಿಗ.

ಸಿನಿಮಾದೊಳಗಿನ ಪುರಾವೆ ಇನ್ನೂ ಗಟ್ಟಿ. ಮಳೆಗೆ ಹೆಬ್ಬಾಗಿಲಲ್ಲಿ ನಿಂತವರು ಮೂವರು. ಕೇಳಿದ ಸುಳ್ಳುಗಳಿಂದ ಭಿಕ್ಷು ಕಂಗೆಟ್ಟಿದ್ದಾನೆ. ಸೌದೆಯವನು ಚಡಪಡಿಸುತ್ತಿದ್ದಾನೆ. ಮೂರನೆಯವನು ಒಬ್ಬ ದಾರಿಹೋಕ. ಅವನಿಗೆ ಯಾವ ಚಿಂತೆಯೂ ಇಲ್ಲ. ಸುಳ್ಳಾದರೇನು, ಕೇಳಲು ರಂಜನೆಯಾದರೆ ಸಾಕು ಎಂಬುದು ಅವನ ಧೋರಣೆ. ಎಲ್ಲರೂ ಹೇಳುವವರೇ, ಯಾವುದೂ ನಿಜವಲ್ಲ, ಹಾಗಾಗಿ ಯಾವುದೂ ತಪ್ಪಲ್ಲ. ಸಿನಿಮಾದ ಕೊನೆಯಲ್ಲಿ ಬಿಟ್ಟುಹೋದ ಕೂಸೊಂದು ಅಳುತ್ತದೆ. ಈ ದಾರಿಹೋಕ ಏನು ಮಾಡುತ್ತಾನೆ? ಕೂಸಿನ ಮೈಮೇಲಿನ ಬಟ್ಟೆ ಕಿತ್ತುಕೊಂಡು ಹೋಗುತ್ತಾನೆ. ‘ಅವರವರ ಸತ್ಯ’ದ ತತ್ವಜ್ಞಾನಿ ‘ರಾಶೋಮನ್’ ಚಿತ್ರದಲ್ಲಿ ಇದ್ದಾನೆ, ನಿಜ. ಆದರೆ ಅವನು ಚಿತ್ರದ ವಕ್ತಾರನಲ್ಲ, ಅದರ ಕಳ್ಳ.

ಕುರೊಸಾವಾ ಸೇರಿಸಿದ ದೊಡ್ಡ ಸಂಗತಿ ನಾಲ್ಕನೆಯ ಹೇಳಿಕೆ. ಕಥೆಯಲ್ಲಿ ಹೆಣ ಮಾತ್ರ ನೋಡಿದ್ದ ಸೌದೆಯವನು ಸಿನಿಮಾದಲ್ಲಿ ನಡೆದದ್ದನ್ನೂ ನೋಡಿದ್ದಾನೆ. ಅವನು ಹೇಳುವ ಪ್ರಕಾರ ವೀರರೆಲ್ಲ ಕರಗಿಹೋಗುತ್ತಾರೆ. ಇಬ್ಬರು ಗಂಡಸರೂ ನಡುಗುವ ಕೈಯಲ್ಲಿ ಕತ್ತಿ ಹಿಡಿದು, ಎಡವಿ ಬಿದ್ದು, ಏದುಸಿರು ಬಿಡುತ್ತ ಹೊರಳಾಡುತ್ತಾರೆ. ಆದರೆ ಅವನ ಮಾತಿನಲ್ಲೂ ಒಂದು ತೂತು ಇದೆ. ಬೆಲೆಬಾಳುವ ಕಠಾರಿ ಏನಾಯಿತು ಎಂದು ದಾರಿಹೋಕ ಕೇಳಿದಾಗ ಸೌದೆಯವನು ಬಾಯಿಬಿಡುವುದಿಲ್ಲ. ಕದ್ದವನು ಅವನೇ. ಅದಕ್ಕೇ ಅವನ ಕಥೆಯಲ್ಲಿ ಸಮುರಾಯ್ ಸಾಯುವುದು ಕತ್ತಿಯಿಂದ, ಕಠಾರಿಯಿಂದಲ್ಲ. ಒಂದು ವಸ್ತುವಿನ ಬೆನ್ನು ಹತ್ತಿದರೆ ಸುಳ್ಳು ಎಲ್ಲಿ ಹೊಲಿಗೆ ಬಿಟ್ಟಿದೆ ಎಂಬುದು ಕಾಣುತ್ತದೆ. ತನಿಖೆ ಅಂದರೆ ಇದೇ. ಸೌದೆಯವನು ಕೊನೆಗೆ ಆ ಕೂಸನ್ನು ಎತ್ತಿಕೊಳ್ಳುವುದೂ ಸುಳ್ಳು ಹೊರಬಿದ್ದ ನಾಚಿಕೆಯ ನಂತರವೇ.

ಹಾಗೆಂದು ಕುರೊಸಾವಾನಿಗೆ ಪೂರ್ತಿ ಮಾಫಿ ಕೊಡುವಂತಿಲ್ಲ. ಮೂವರೂ ಒಪ್ಪುವ ಅಪರಾಧ ತೆರೆಯ ಮೇಲೆ ಕಾಣುವುದು ಒಂದೇ ಸಲ, ಅದೂ ತಜೋಮಾರುವಿನ ಹೇಳಿಕೆಯೊಳಗೆ. ಉಳಿದವರ ಹೇಳಿಕೆಗಳು ಶುರುವಾಗುವುದು ಅದಾದ ಮೇಲೆ. ಮಿಯಾಗಾವಾನ ಕ್ಯಾಮೆರಾ ಎಲೆಗಳ ಸಂದಿಯ ಬಿಸಿಲನ್ನು ಹಿಡಿಯುತ್ತದೆ, ಮಚಿಕೊ ಕ್ಯೋ ಕೈಯಿಂದ ಕಠಾರಿ ಜಾರುತ್ತದೆ, ಅವಳ ಬೆರಳು ತೋಶಿರೊ ಮಿಫುನೆಯ ಬೆನ್ನನ್ನು ತಬ್ಬುತ್ತದೆ. ಅವಳೇ ಒಲಿದಳು ಎಂಬುದು ದರೋಡೆಕೋರನ ಜಂಬ. ಪುಟದ ಮೇಲೆ ಜಂಬ ಜಂಬವಾಗಿಯೇ ಉಳಿಯುತ್ತದೆ, ಏಕೆಂದರೆ ಹೇಳುತ್ತಿರುವವನ ದನಿ ಓದುಗನ ಕಿವಿಯಲ್ಲಿರುತ್ತದೆ. ತೆರೆಯ ಮೇಲೆ ಅದೇ ಜಂಬ ಕಣ್ಣಾರೆ ಕಂಡ ದೃಶ್ಯವಾಗುತ್ತದೆ. ಪ್ರೇಕ್ಷಕ ಮನೆಗೆ ಒಯ್ಯುವುದು ಆ ಬೆರಳುಗಳನ್ನು.

ಇನ್ನೂ ಎರಡು ಬದಲಾವಣೆಗಳಿವೆ. ಕಥೆಯಲ್ಲಿ ಮಸಾಗೊ ತಿವಿದೆ ಎಂದು ನೇರವಾಗಿ ಹೇಳುತ್ತಾಳೆ. ಸಿನಿಮಾದಲ್ಲಿ ಮೂರ್ಛೆ ಹೋಗುತ್ತಾಳೆ, ಎಚ್ಚರಾದಾಗ ಗಂಡನ ಎದೆಯಲ್ಲಿ ಕಠಾರಿ ಇರುತ್ತದೆ. ಕಥೆಯಲ್ಲಿ ಅವಳ ತಾಯಿಯೂ ಹೇಳಿಕೆ ಕೊಡುತ್ತಾಳೆ. ಆ ಮುದುಕಿಗೆ ಒಂದು ಬೇಡಿಕೆ ಇದೆ: ಅಳಿಯ ಸತ್ತ, ಆಯಿತು, ನನ್ನ ಮಗಳು ಎಲ್ಲಿದ್ದಾಳೆ ಹುಡುಕಿಸಿ ಎಂದು ಅವಳು ಗೋಗರೆಯುತ್ತಾಳೆ. ಸಿನಿಮಾದಲ್ಲಿ ಆ ತಾಯಿ ಇಲ್ಲ.

ಹಾಲಿವುಡ್ ಇದನ್ನು ಮುಟ್ಟಿದಾಗ ಕೆಲಸ ಇನ್ನಷ್ಟು ಕೆಟ್ಟಿತು. ಫೇ ಮತ್ತು ಮೈಕೆಲ್ ಕ್ಯಾನಿನ್ ದಂಪತಿ ಬರೆದ ನಾಟಕ 1959ರಲ್ಲಿ ಬ್ರಾಡ್‌ವೇಯಲ್ಲಿ ಆಡಿತು. 1964ರಲ್ಲಿ ಮಾರ್ಟಿನ್ ರಿಟ್ ‘ದಿ ಔಟ್‌ರೇಜ್’ ಎಂಬ ಸಿನಿಮಾ ಮಾಡಿದ. ಹೆಬ್ಬಾಗಿಲಿನ ಜಾಗಕ್ಕೆ ರೈಲು ನಿಲ್ದಾಣ ಬಂತು, ಸಮುರಾಯ್ ಜಾಗಕ್ಕೆ ಅಮೆರಿಕದ ದಕ್ಷಿಣದವನೊಬ್ಬ ಬಂದ. ಪಾಲ್ ನ್ಯೂಮನ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮೆಕ್ಸಿಕೊದ ದರೋಡೆಕೋರನಾದ. ನಾಟಕದಲ್ಲೂ ಸಿನಿಮಾದಲ್ಲೂ ಹೆಂಡತಿಯ ಪಾತ್ರ ಕ್ಲೇರ್ ಬ್ಲೂಮ್‌ಳದ್ದು. ಜಪಾನೀ ಕಥೆಯಲ್ಲಿ ಮೂವರೂ ಒಂದೇ ನೆಲದ ಮಾನ-ಅವಮಾನಗಳಲ್ಲಿ ಸಿಕ್ಕವರು, ಆದ್ದರಿಂದ ಪ್ರೇಕ್ಷಕನಿಗೆ ಯಾರನ್ನೂ ಮುಂಚಿತವಾಗಿ ಅನುಮಾನಿಸುವ ಸೌಲಭ್ಯ ಇಲ್ಲ. ಅಪರಾಧಿಯನ್ನು ಗಡಿಯಾಚೆಯವನನ್ನಾಗಿ ಮಾಡಿದೊಡನೆ ಆ ಸಮತೋಲ ಹೋಯಿತು. ನಾಲ್ಕನೆಯ ಹೇಳಿಕೆಯಂತೂ ಹಾಸ್ಯದ ಕಡೆ ವಾಲುತ್ತದೆ. ಕುರೊಸಾವಾನಲ್ಲಿ ಹೇಡಿತನವಾಗಿ ಕಂಡದ್ದು ಇಲ್ಲಿ ನಗೆಪಾಟಲು. ಅತ್ಯಾಚಾರದಿಂದ ಶುರುವಾದ ಕಥೆಯಲ್ಲಿ ಪ್ರೇಕ್ಷಕರನ್ನು ನಗಿಸಲು ಸಾಧ್ಯವಾದರೆ, ಆ ಅಪರಾಧವನ್ನು ಸಿನಿಮಾ ಎಂದೋ ಕೈಬಿಟ್ಟಿದೆ ಎಂದೇ ಲೆಕ್ಕ.

ಇವೆರಡರ ನಡುವೆ, 1954ರಲ್ಲಿ, ಮದ್ರಾಸಿನಲ್ಲಿ ಒಂದು ಸಿನಿಮಾ ತಯಾರಾಯಿತು. ಎವಿಎಂ ನಿರ್ಮಾಣದ, ವೀಣೆಯ ಎಸ್. ಬಾಲಚಂದರ್ ನಿರ್ದೇಶಿಸಿದ ‘ಅಂದ ನಾಳ್’. ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ಬಾಲಚಂದರ್ ‘ರಾಶೋಮನ್’ ನೋಡಿ ಪ್ರೇರಣೆ ಪಡೆದವರು. ಮೆಳೆಯ ಕಥೆಯನ್ನು ಅವರು ತೆಗೆದುಕೊಳ್ಳಲಿಲ್ಲ, ಹೇಳುವ ವಿಧಾನವನ್ನು ಮಾತ್ರ ತೆಗೆದುಕೊಂಡರು. 1943ರಲ್ಲಿ ಜಪಾನೀಯರು ಮದ್ರಾಸಿನ ಮೇಲೆ ಬಾಂಬು ಹಾಕಿದ ಹಿನ್ನೆಲೆಯಲ್ಲಿ ರೇಡಿಯೊ ಎಂಜಿನಿಯರ್ ರಾಜನ್ (ಶಿವಾಜಿ ಗಣೇಶನ್) ಗುಂಡೇಟಿನಿಂದ ಸತ್ತಿದ್ದಾನೆ. ತಮ್ಮ, ತಮ್ಮನ ಹೆಂಡತಿ, ಪ್ರೇಯಸಿ, ನೆರೆಯವ, ಹೆಂಡತಿ ಎಲ್ಲರೂ ಹೇಳಿಕೆ ಕೊಡುತ್ತಾರೆ, ಬೇರೆಯವರತ್ತ ಬೆರಳು ಮಾಡುತ್ತಾರೆ. ಗುಪ್ತ ಪೊಲೀಸ್ ಅಧಿಕಾರಿ ಒಂದೊಂದನ್ನೇ ತೂಗಿ ನೋಡುತ್ತಾನೆ. ಕೊನೆಗೆ ಸತ್ಯ ಹೊರಬರುತ್ತದೆ: ರಾಜನ್ ದೇಶದ ಗುಟ್ಟನ್ನು ಶತ್ರುವಿಗೆ ಮಾರುತ್ತಿದ್ದ, ತಡೆಯಹೋದ ಹೆಂಡತಿ ಉಷಾಳ ಕೈಯಲ್ಲಿದ್ದ ಪಿಸ್ತೂಲಿನಿಂದಲೇ ಗುಂಡು ಹಾರಿತ್ತು.

ಆ ಉಷಾ ಭಟ್ಕಳದಲ್ಲಿ ಹುಟ್ಟಿದ ಪಂಡರಿಬಾಯಿ. ಅದೇ ವರ್ಷ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದವರು. ಕನ್ನಡದ ಮನೆಗಳಲ್ಲಿ ಅವರ ನೆನಪು ತಾಯಿ ಪಾತ್ರಗಳ ನೆನಪು. ಆದರೆ ಈ ಕಥೆಯ ಸಿನಿಮಾ ಸಂತತಿಯಲ್ಲಿ ಹೆಂಗಸೊಬ್ಬಳ ಹೇಳಿಕೆಗೆ ಕೊನೆಯ ಮಾತಿನ ಅಧಿಕಾರ ಸಿಕ್ಕ ಅಪರೂಪದ ಪಾತ್ರ ಅವರದ್ದೇ. ‘ಅಂದ ನಾಳ್’ ಉತ್ತರ ಕೊಟ್ಟುಬಿಟ್ಟಿತು, ಆದ್ದರಿಂದ ಅದು ‘ರಾಶೋಮನ್’ ಎತ್ತರಕ್ಕೆ ಏರಲಿಲ್ಲ ಎಂದು ಮೂಗು ಮುರಿಯುವುದು ಸುಲಭ. ಕಲೆಯಾಗಿ ಅದು ಕುರೊಸಾವಾನ ಸಮಕ್ಕೆ ನಿಲ್ಲುವುದಿಲ್ಲ, ಸರಿ. ಆದರೆ ಸುಳ್ಳು ಹೇಳಿಕೆಗಳ ರಾಶಿ ಎದುರಿಗಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸರಿಯಾದದ್ದು: ಕೂತು ತೂಗಬೇಕು.

ಕಮಲ್ ಹಾಸನ್‌ರ ‘ವಿರುಮಾಂಡಿ’ (2004) ಇದೇ ದಾರಿಯ ಇನ್ನೊಂದು ಚಿತ್ರ. ಮರಣದಂಡನೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಜೈಲಿಗೆ ಬಂದವಳ ಮುಂದೆ ಇಬ್ಬರು ಕೈದಿಗಳು ಎರಡು ಕಥೆ ಹೇಳುತ್ತಾರೆ. ಯಾರದ್ದು ನಿಜ ಎಂಬಲ್ಲಿ ಸಿನಿಮಾ ಸಂಶಯ ಉಳಿಸುವುದಿಲ್ಲ. ಆದರೆ ಅನ್ನಲಕ್ಷ್ಮಿ ಎಂಬ ಹೆಣ್ಣಿಗೆ ಏನಾಯಿತು ಎಂಬುದೇ ಎರಡು ಕಥೆಗಳ ಜಗಳದ ಮಧ್ಯದಲ್ಲಿದೆ, ಅವಳು ಸತ್ತಿದ್ದಾಳೆ. ಜಪಾನಿನ ಕಥೆಯಲ್ಲಿ ಸತ್ತ ಗಂಡನಿಗೆ ಮೈಮೇಲೆ ಬರಿಸಿಕೊಳ್ಳುವವಳಾದರೂ ಸಿಕ್ಕಳು. ಅನ್ನಲಕ್ಷ್ಮಿಗೆ ಅದೂ ಇಲ್ಲ. ಅವಳ ಪಾಲಿನ ಸಾಕ್ಷಿಯನ್ನು ಇಬ್ಬರು ಗಂಡಸರು ಹಂಚಿಕೊಂಡು ಹೇಳುತ್ತಾರೆ.

ಕನ್ನಡದಲ್ಲಿ ಈ ಮಾತು ಬಂದಾಗಲೆಲ್ಲ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಹೆಸರು ಬರುತ್ತದೆ. ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ಬಿಡಿಬಿಡಿ ಅಧ್ಯಾಯಗಳಲ್ಲಿ ಕಥೆಯನ್ನು ಕೂಡಿಸುವ ಪತ್ರಕರ್ತೆ. ಇದನ್ನು ‘ಕನ್ನಡದ ರಾಶೋಮನ್’ ಎನ್ನುವುದು ಹೊಗಳಿಕೆಯಂತೆ ಕಂಡರೂ ಎರಡೂ ಸಿನಿಮಾಗಳಿಗೆ ಮಾಡುವ ಅನ್ಯಾಯ. ಮಲ್ಪೆಯ ಚಿತ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತು, ತುಂಡುಗಳು ಬಹುಮಟ್ಟಿಗೆ ಒಂದಕ್ಕೊಂದು ಕೂಡುತ್ತ ಹೋಗುತ್ತವೆ. ಅದು ನಿಜಕ್ಕೂ ಕುರುಡರ ಆನೆಯ ಬಳಗಕ್ಕೆ ಸೇರಿದ ಕಥೆ. ಶೀರ್ಷಿಕೆಯೇ ಅದನ್ನು ಸರಿಯಾಗಿ ಹೇಳಿದೆ: ಉಳಿದವರು ‘ಕಂಡಂತೆ’. ಮೆಳೆಯ ಕಥೆಗೆ ಆ ಪದ ಒಗ್ಗುವುದಿಲ್ಲ. ಅಲ್ಲಿ ಇರುವುದೆಲ್ಲ ‘ಹೇಳಿದಂತೆ’. ಕಂಡದ್ದಕ್ಕೂ ಹೇಳಿದ್ದಕ್ಕೂ ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ. ‘ರಾಶೋಮನ್ ಪರಿಣಾಮ’ ಎಂಬ ಎರವಲು ಮಾತು ಆ ಎರಡನ್ನೂ ಕಲಸಿ ಒಂದು ಮಾಡಿಬಿಡುತ್ತದೆ.

ನೆನಪು ಪ್ರಾಮಾಣಿಕವಾಗಿಯೂ ತಪ್ಪುತ್ತದಲ್ಲ ಎಂದು ಕೆಲವರು ಕೇಳಬಹುದು. ಖಂಡಿತ ತಪ್ಪುತ್ತದೆ. ಕಾರಿನ ಬಣ್ಣ ಬೂದಿಯೋ ನೀಲಿಯೋ, ಬಂದದ್ದು ಏಳಕ್ಕೋ ಏಳೂವರೆಗೋ ಎಂಬಲ್ಲಿ ಒಳ್ಳೆಯವರೂ ತಪ್ಪುತ್ತಾರೆ. ನ್ಯಾಯಾಲಯಗಳು ಆ ಬಗೆಯ ಸಣ್ಣ ವ್ಯತ್ಯಾಸವನ್ನು ಬುಡಕ್ಕೇ ಪೆಟ್ಟು ಕೊಡುವ ವೈರುಧ್ಯದಿಂದ ಬೇರೆಯಾಗಿಯೇ ನೋಡುತ್ತವೆ. ಒಂದು ಕಡೆ ಸುಳ್ಳಾಡಿದವನ ಮಾತೆಲ್ಲ ಸುಳ್ಳು ಎಂಬ ಹಳೆಯ ಲ್ಯಾಟಿನ್ ಸೂತ್ರ ಭಾರತದಲ್ಲಿ ಕಾನೂನಲ್ಲ, ಕಾಳು-ಜೊಳ್ಳು ಬೇರ್ಪಡಿಸುವುದು ನ್ಯಾಯಾಲಯದ ಕೆಲಸ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕೇರಲು ಮೊರ ಬೇಕು. ‘ಎಲ್ಲವೂ ಒಂದು ಬಗೆಯ ಕಾಳೇ’ ಎನ್ನುವವರ ಕೈಯಲ್ಲಿ ಮೊರ ಇರುವುದಿಲ್ಲ.

ಸಂಶಯವಿದ್ದಾಗ ತೀರ್ಪು ಕೊಡಬಾರದಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೂ ಉತ್ತರ ಸಿದ್ಧವಾಗಿದೆ. 1872ರ ಸಾಕ್ಷ್ಯ ಕಾಯ್ದೆ ಮೂರು ಸ್ಥಿತಿಗಳನ್ನು ವಿವರಿಸಿತು: ಸಾಬೀತಾಗಿದೆ, ಇಲ್ಲವೆಂದು ಸಾಬೀತಾಗಿದೆ, ಸಾಬೀತಾಗಿಲ್ಲ. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯೂ ಆ ಮೂರನ್ನು ಉಳಿಸಿಕೊಂಡಿದೆ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲು ಮೂರನೆಯ ಮನೆ ಇದೆ. ಇಬ್ಬರದ್ದೂ ನಿಜ ಎನ್ನಲು ನಾಲ್ಕನೆಯ ಮನೆಯನ್ನು ಯಾವ ಕಾಯ್ದೆಯೂ ಕಟ್ಟಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾಯ್ದೆ ಇದೇ ವಿವೇಕದ್ದು. ಸಮಿತಿ 90 ದಿನದೊಳಗೆ ವಿಚಾರಣೆ ಮುಗಿಸಬೇಕು, ತನಗೆ ಕಂಡದ್ದನ್ನು ವರದಿಯಲ್ಲಿ ಬರೆಯಬೇಕು. ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ಅದು ದುರುದ್ದೇಶದ ಸುಳ್ಳು ದೂರು ಆಗುವುದಿಲ್ಲ ಎಂದೂ ಆ ಕಾಯ್ದೆ ಹೇಳುತ್ತದೆ. ಗೊತ್ತಿಲ್ಲದಿರುವುದಕ್ಕೂ ಸುಳ್ಳಿಗೂ ನಡುವೆ ಗೆರೆ ಎಳೆಯುವ ಮಾತು ಅದು.

ಆ ಗೆರೆಯನ್ನು ಅಳಿಸುವುದು ಮಧ್ಯಸ್ಥರ ವೇಷ ಹಾಕಿದವರು. ದೂರು ಕೊಟ್ಟವಳು ಒಂದು ಹೇಳುತ್ತಾಳೆ, ಆರೋಪ ಹೊತ್ತವನು ಇನ್ನೊಂದು ಹೇಳುತ್ತಾನೆ, ಇದು ರಾಶೋಮನ್ ಎಂದು ಅವರು ಷರಾ ಬರೆಯುತ್ತಾರೆ. ಮೇಲುನೋಟಕ್ಕೆ ಇದು ನಿಷ್ಪಕ್ಷಪಾತ. ಆದರೆ ಇಬ್ಬರ ಮಾತೂ ಸಮ ಎಂದು ವಿಚಾರಣೆಗೆ ಮೊದಲೇ ತೀರ್ಮಾನಿಸಿದರೆ ಲಾಭ ಯಾರಿಗೆ? ಸುಳ್ಳು ಹೇಳಿದವರು ಯಾರೋ ಅವರಿಗೆ. ಅವನು ನಿರಪರಾಧಿಯಾಗಿದ್ದರೆ ಅವನಿಗೂ ಇದರಿಂದ ಅನ್ಯಾಯವೇ, ಅನುಮಾನ ಜೀವನಪೂರ್ತಿ ಬೆನ್ನಿಗೆ ಅಂಟಿರುತ್ತದೆ. ಅವಳು ಹೇಳಿದ್ದು ನಿಜವಾಗಿದ್ದರೆ ಅವಳಿಗೆ ಎರಡನೆಯ ಸಲ ಏಟು. ಹೇಳಿಕೆಗಳನ್ನು ತೂಗುವ ಶ್ರಮ ತಪ್ಪಿಸಿಕೊಂಡವರು ಮಾತ್ರ ಸುಖವಾಗಿ ಮನೆಗೆ ಹೋಗುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಕನ್ನಡದ ಗಾದೆ. ಕಣ್ಣನ್ನೇ ನಂಬಬೇಡ ಎಂದ ಮೇಲೆ ಬಾಯಿಯನ್ನು ಸುಮ್ಮನೆ ನಂಬುವುದೆಲ್ಲಿ ಬಂತು? ಆದರೆ ಗಾದೆ ಅಷ್ಟಕ್ಕೇ ಕೈತೊಳೆದುಕೊಳ್ಳುವುದಿಲ್ಲ, ‘ಪ್ರಮಾಣಿಸಿ ನೋಡು’ ಎಂದು ಕೆಲಸ ಹಚ್ಚುತ್ತದೆ. ಇನ್ನು ಮುಂದೆ ಯಾರಾದರೂ ‘ಇದು ರಾಶೋಮನ್’ ಎಂದು ನಿಟ್ಟುಸಿರು ಬಿಟ್ಟರೆ, ಆ ಸಿನಿಮಾ ಕಲಿಸುವ ಪ್ರಶ್ನೆಗಳನ್ನೇ ಅವರಿಗೆ ವಾಪಸು ಕೇಳಬೇಕು. ಜಗಳವಾಡುವ ಎಲ್ಲರೂ ಒಪ್ಪಿಕೊಳ್ಳುವ ಸಂಗತಿ ಯಾವುದು? ಯಾವ ಸುಳ್ಳಿನಿಂದ ಯಾರ ಮಾನ ಉಳಿಯುತ್ತದೆ? ಕಠಾರಿ ಎಲ್ಲಿ ಹೋಯಿತು? ಅಷ್ಟೆಲ್ಲ ಕೇಳುವ ತಾಳ್ಮೆ ಇಲ್ಲದವರು ಕನಿಷ್ಠ ಆ ಮುದುಕಿಯ ಪ್ರಶ್ನೆಯನ್ನಾದರೂ ಕೇಳಲಿ: ಇಷ್ಟೆಲ್ಲ ನಡೆದ ಮೇಲೆ ಆ ಹುಡುಗಿ ಎಲ್ಲಿದ್ದಾಳೆ, ಹೇಗಿದ್ದಾಳೆ?